ಕೆಲಸದ ವಾರಕ್ಕೆ ಕಲಬುರಗಿ ಅಡುಗೆಮನೆಯಲ್ಲಿ ಏನೇನು ತುಂಬಿಡಬೇಕು?

ಜೇವರ್ಗಿ ರಸ್ತೆ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಶಾಲೆಗೆ ಹೋಗುವ ಮಕ್ಕಳಿಬ್ಬರು, ಜೊತೆಗೆ ಅವ್ವ. ಅವ್ವನಿಗೆ ಶುಗರ್ ಇದೆ. ಸೋಮವಾರ, ಮಂಗಳವಾರ ಊಟ ಚೆನ್ನಾಗಿಯೇ ನಡೆಯುತ್ತೆ. ಬುಧವಾರ ದಾಟಿತು ಅಂದ್ರೆ ತರಕಾರಿ ಮುಗಿದಿರುತ್ತೆ, ರೊಟ್ಟಿ ಬಡಿಯಲು ಟೈಮ್ ಇರಲ್ಲ. ಸಂಜೆ ಬರುವಾಗ ಕೈಯಲ್ಲಿ ಮಿರ್ಚಿ ಭಜಿ ಇಲ್ಲವೇ ಹೋಟೆಲ್ ಪಾರ್ಸಲ್ ಇರುತ್ತೆ. ಮಕ್ಕಳಿಗೆ ಇದೇ ರೂಢಿಯಾಗುತ್ತಿದೆ. ನನಗೆ ಚಿಂತೆ ಅದೇ.

ವಿಡಿಯೋಗಳಲ್ಲಿ ಭಾನುವಾರವೇ ಏಳು ದಿನದ ಅಡುಗೆ ಮಾಡಿ ಡಬ್ಬಿಗಳಲ್ಲಿ ತುಂಬಿ ಫ್ರಿಜ್‌ನಲ್ಲಿ ಇಡುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿರಲ್ಲ. ಫ್ರಿಜ್ ಕೂಡ ಸಣ್ಣದು. ಭಾನುವಾರ ಅರ್ಧ ದಿನ ಬಿಡುವು ಸಿಗುತ್ತೆ. ಆ ಅರ್ಧ ದಿನದಲ್ಲಿ ಏನು ತಂದಿಟ್ಟರೆ, ಏನು ಮಾಡಿಟ್ಟರೆ ಶನಿವಾರದವರೆಗೆ ಮನೆ ಊಟ ನಡೆಯುತ್ತೆ? ಎಷ್ಟು ತರಬೇಕು ಅನ್ನೋದನ್ನೂ ಹೇಳಿ.

ತೊಗರಿ ಹೊಲದವ, ಚಿತ್ತಾಪುರ

ಅಣ್ಣಾರೆ, ಮೊದಲು ಬ್ಯಾಳಿಯಿಂದ ಶುರು ಮಾಡಿ. ಮನೆಯಲ್ಲಿ ತೊಗರಿ ಬ್ಯಾಳಿ, ಹೆಸರು ಬ್ಯಾಳಿ, ಕಡ್ಲಿ ಬ್ಯಾಳಿ ಮೂರೂ ಇದ್ದರೆ ಊಟ ನಿಲ್ಲೋದಿಲ್ಲ. ನಮ್ಮ ಕಲಬುರಗಿ ತೊಗರಿ ಬ್ಯಾಳಿಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ಬೆಳೆ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ. ಇಷ್ಟು ಒಳ್ಳೆ ಬ್ಯಾಳಿ ಮನೆ ಬಾಗಿಲಲ್ಲೇ ಬೆಳೆಯುವಾಗ ನಾವು ವಾರಕ್ಕೊಮ್ಮೆ ಅರ್ಧ ಕಿಲೋ ಪಾಕೀಟು ಯಾಕೆ ತರಬೇಕು? ಡಿಸೆಂಬರ್‌ನಿಂದ ಫೆಬ್ರುವರಿ ಒಳಗೆ ಹೊಸ ತೊಗರಿ ಬರುತ್ತೆ. ಆಗ ಗಂಜ್ (ಕಾಳುಕಡಿ ಮಾರುಕಟ್ಟೆ) ಕಡೆ ಹೋಗಿ, ಇಲ್ಲವೇ ಪರಿಚಯದ ರೈತರ ಹತ್ತಿರ, ವರ್ಷದ್ದು ಆಗದಿದ್ದರೂ ನಾಲ್ಕೈದು ತಿಂಗಳದ್ದು ತನ್ನಿ. ತುಂಬಾ ಹೊಳೆಯುವ ಬ್ಯಾಳಿ ಬೇಡ, ಅದು ಪಾಲಿಶ್ ಮಾಡಿದ್ದು. ಮಾಸಲು ಬಣ್ಣದ್ದು, ಅಲ್ಲಲ್ಲಿ ಸ್ವಲ್ಪ ಸಿಪ್ಪೆ ಉಳಿದದ್ದು ನೋಡಿ ತಗೊಳ್ಳಿ.

ತಂದ ಮೇಲೆ ಒಂದು ದಿನ ಒಳ್ಳೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಡಬ್ಬಿಯೊಳಗೆ ಬೆವರುತ್ತೆ. ನಮ್ಮ ಮನೆಯಲ್ಲಿ ಕಿಲೋಗೆ ಒಂದು ಸಣ್ಣ ಚಮಚದ ಲೆಕ್ಕದಲ್ಲಿ ಹರಳೆಣ್ಣೆ ಸವರಿ ಇಡುತ್ತಾರೆ. ಹುಳ ಹತ್ತಲ್ಲ. ಬೇಯಿಸುವ ಮುಂಚೆ ತೊಳೆದರೆ ಆಯ್ತು. ಎಣ್ಣೆ ಬೇಡ ಅಂದ್ರೆ ಒಣ ಬೇವಿನ ಎಲೆ ಹಾಕಿ.

ಜೋಳದ್ದೂ ಅಷ್ಟೇ. ಹಿಂಗಾರಿನ ಮಾಲದಂಡಿ ಜೋಳ ಫೆಬ್ರುವರಿ, ಮಾರ್ಚ್‌ನಲ್ಲಿ ಬರುತ್ತೆ. ಕಾಳು ತಿಂಗಳುಗಟ್ಟಲೆ ಇರುತ್ತೆ, ಹಿಟ್ಟು ಇರಲ್ಲ. ಹದಿನೈದು ದಿನಕ್ಕಾಗುವಷ್ಟೇ ಗಿರಣಿಗೆ ಹಾಕಿಸಿ. ಹಳೆ ಹಿಟ್ಟಿಗೆ ಜಿಗಿ ಹೋಗಿರುತ್ತೆ, ಬಡಿಯುವಾಗ ರೊಟ್ಟಿ ಅಂಚಿನಲ್ಲಿ ಒಡೆಯುತ್ತೆ.

ಸೇಡಂ ರಸ್ತೆ ವೈನಿ

ಮೇಲಿನ ಅಣ್ಣಾರು ಕಾಳುಕಡಿ ಹೇಳಿದರು, ನಾನು ಮುಂದಿನದು ಹೇಳುತ್ತೇನೆ. ಫ್ರಿಜ್ ಡಬ್ಬಿ ಲೆಕ್ಕ ನಮ್ಮ ಊರಿಗೆ ಹೊಂದಲ್ಲ ಅನ್ನೋದು ನಿಜ. ಆದ್ರೆ ಮುಂಚೆಯೇ ಮಾಡಿಟ್ಟು ತಿನ್ನುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಕಟಕ ರೊಟ್ಟಿ (ಒಣಗಿಸಿದ ಗರಿಗರಿ ಜೋಳದ ರೊಟ್ಟಿ), ಹಿಂಡಿ (ಚಟ್ನಿಪುಡಿ), ಬಾಳಕ (ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಮೆಣಸಿನಕಾಯಿ), ಸಂಡಿಗೆ ಇವೆಲ್ಲ ಏನು? ಹೊಲದ ಸುಗ್ಗಿಯಲ್ಲಿ ಅಡುಗೆಗೆ ಟೈಮ್ ಇರದ ಹೆಣ್ಣುಮಕ್ಕಳು ಕಟ್ಟಿಕೊಂಡ ವ್ಯವಸ್ಥೆ ಇದು. ಬಿಸಿಲೇ ಇಲ್ಲಿ ಕೆಲಸ ಮಾಡುತ್ತೆ. ಒಣಗಿದ್ದು ಬೇಗ ಕೆಡಲ್ಲ.

ನಾನು ಮನೆಯಲ್ಲಿ ಯಾವಾಗಲೂ ಮೂರು ಹಿಂಡಿ ಇಡುತ್ತೇನೆ. ಶೇಂಗಾ, ಅಗಸಿ, ಗುರೆಳ್ಳು (ಹುಚ್ಚೆಳ್ಳು). ಮೂರನ್ನೂ ಒಂದೇ ಥರ ನೋಡಬೇಡಿ. ಶೇಂಗಾ ಹಿಂಡಿ ಹೊಟ್ಟೆ ತುಂಬಿಸುತ್ತೆ, ಶೇಂಗಾದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಪ್ರೋಟೀನ್ ಇದೆ. ಅಗಸಿಯಲ್ಲಿ ಒಮೆಗಾ-3 ಕೊಬ್ಬು ಇದೆ. ಮೀನು ತಿನ್ನದ ಮನೆಗೆ ಇದು ದೊಡ್ಡ ಆಸರೆ. ಅಗಸಿಯನ್ನು ಇಡಿಯಾಗಿ ನುಂಗಿದರೆ ಹಾಗೇ ಹೊರಗೆ ಹೋಗುತ್ತೆ, ಪುಡಿ ಮಾಡಿದರೇ ಮೈಗೆ ಹತ್ತುತ್ತೆ. ಆದ್ರೆ ಪುಡಿ ಮಾಡಿದ ಅಗಸಿ ಬೇಗ ಕಮಟು ಆಗುತ್ತೆ. ಬೇಸಿಗೆಯಲ್ಲಿ ಒಂದು ವಾರ, ಹತ್ತು ದಿನಕ್ಕಾಗುವಷ್ಟೇ ಕುಟ್ಟಿ. ಬೀಜ ಮಾತ್ರ ಒಂದು ಕಿಲೋ ಇದ್ದರೂ ತೊಂದರೆ ಇಲ್ಲ. ಬಳ್ಳೊಳ್ಳಿ ಹಾಕದೆ ಕುಟ್ಟಿಟ್ಟರೆ ಇನ್ನೂ ಸ್ವಲ್ಪ ದಿನ ಬರುತ್ತೆ. ಊಟಕ್ಕೆ ಕೂರುವಾಗ ಒಂದೆರಡು ಎಸಳು ಜಜ್ಜಿ ಹಾಕಿಕೊಳ್ಳಬಹುದು.

ಶೇಂಗಾ ಆರಿಸುವಾಗ ಮುರುಟಿದ್ದು, ಕಪ್ಪಾದದ್ದು, ಬೂಸು ಹಿಡಿದದ್ದು ಒಂದೂ ಒಳಗೆ ಹೋಗಬಾರದು. ಬೂಸಿನ ವಿಷ ಹುರಿದರೂ ಪೂರ್ತಿ ಹೋಗಲ್ಲ. ಇದರಲ್ಲಿ ಉಳಿತಾಯ ಮಾಡಬೇಡಿ.

ಕಟಕ ರೊಟ್ಟಿ ಮನೆಯಲ್ಲಿ ಮಾಡಲು ಆಗದಿದ್ದರೆ ಕೊಂಡುಕೊಳ್ಳಿ, ಅದರಲ್ಲಿ ಏನೂ ತಪ್ಪಿಲ್ಲ. ಓಣಿ ಓಣಿಯಲ್ಲಿ ರೊಟ್ಟಿ ಮಾಡಿ ಮಾರುವ ತಾಯಂದಿರು ಇದ್ದಾರೆ. ಸ್ವಸಹಾಯ ಸಂಘದ ಮಹಿಳೆಯರು ಮಾಡುವ ರೊಟ್ಟಿ ‘ಕಲಬುರಗಿ ರೊಟ್ಟಿ’ ಅನ್ನೋ ಹೆಸರಲ್ಲೂ ಸಿಗುತ್ತೆ. ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ. ಮಳೆಗಾಲದಲ್ಲಿ ಮೆತ್ತಗಾದರೆ ಹೆಂಚಿನ ಮೇಲೆ ಒಂದು ಸಲ ಬಿಸಿ ಮಾಡಿದರೆ ಮತ್ತೆ ಗರಿಗರಿ. ಅವ್ವನಿಗೆ ಹಲ್ಲು ಆಡದಿದ್ದರೆ ರೊಟ್ಟಿ ಮುರಿದು ಬಿಸಿ ಬ್ಯಾಳಿಯಲ್ಲಿ ನೆನೆಸಿ ಕೊಡಿ.

ಬೀದರ್ ಆಹಾರ ಸಲಹೆಗಾರ್ತಿ

ವೈನಿ, ಹಿಂಡಿ ಬಗ್ಗೆ ನೀವು ಹೇಳಿದ್ದೆಲ್ಲ ಸರಿ. ಆದ್ರೆ ಒಂದು ವಿಷಯದಲ್ಲಿ ನಾನು ಒಪ್ಪಲ್ಲ. ರೊಟ್ಟಿ, ಹಿಂಡಿ, ಮೊಸರು ಇದ್ದರೆ ಊಟ ಆಯ್ತು ಅಂತ ಬಹಳ ಮನೆಗಳಲ್ಲಿ ಅಂದುಕೊಳ್ಳುತ್ತಾರೆ. ನನ್ನ ಹತ್ತಿರ ಬರುವವರ ತಟ್ಟೆಯಲ್ಲಿ ಕಡಿಮೆ ಬೀಳೋದು ಧಾನ್ಯವಲ್ಲ. ತರಕಾರಿ ಮತ್ತು ಕಾಳು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಕೊಟ್ಟಿದೆ. 2000 ಕ್ಯಾಲೊರಿ ಊಟಕ್ಕೆ ದಿನಕ್ಕೆ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು ಇಲ್ಲವೇ ಮೊಟ್ಟೆ-ಮಾಂಸ, 27 ಗ್ರಾಂ ಎಣ್ಣೆ. ಪ್ರಶ್ನೆ ಕೇಳಿದ ಸರ್ ಮನೆಯಲ್ಲಿ ಐದು ಜನ. ಮಕ್ಕಳು ಕಡಿಮೆ ತಿನ್ನುತ್ತಾರೆ ಅಂತ ನಾಲ್ಕು ದೊಡ್ಡವರ ಲೆಕ್ಕ ಹಿಡಿಯೋಣ. ವಾರಕ್ಕೆ ಧಾನ್ಯ 7 ಕಿಲೋ. ಜೋಳ, ಅಕ್ಕಿ, ಗೋಧಿ, ಅವಲಕ್ಕಿ, ರವಾ ಎಲ್ಲ ಸೇರಿ. ಬೇಳೆಕಾಳು 2.4 ಕಿಲೋ ಹತ್ತಿರ. ತರಕಾರಿ 11 ಕಿಲೋ. ಹೌದು, 11. ನಿಮ್ಮ ಚೀಲದಲ್ಲಿ ಈಗ ಎಷ್ಟು ಬರುತ್ತೆ, ತೂಕ ಮಾಡಿ ನೋಡಿ. ಬುಧವಾರ ತರಕಾರಿ ಮುಗಿಯಲು ಕಾರಣ ಅಲ್ಲೇ ಸಿಗುತ್ತೆ.

ಎಣ್ಣೆ ಇದೇ ಲೆಕ್ಕದಲ್ಲಿ ತಿಂಗಳಿಗೆ 3 ಕಿಲೋ ಚಿಲ್ಲರೆ ಬರುತ್ತೆ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು. ಅಂದ್ರೆ ನಾಲ್ಕು ಜನಕ್ಕೆ ಒಂದು ಕಿಲೋ ಪಾಕೀಟು 50 ದಿನವಾದರೂ ಬರಬೇಕು. ಹೊರಗಿನ ತಿಂಡಿಯ ಉಪ್ಪು ಬೇರೆ ಇರುತ್ತೆ, ಆದ್ದರಿಂದ ಇನ್ನೂ ಜಾಸ್ತಿ ದಿನ ಬರಬೇಕು. ಪಾಕೀಟಿನ ಮೇಲೆ ಒಡೆದ ತಾರೀಕು ಬರೆದಿಡಿ. ಹಿಂಡಿ, ಉಪ್ಪಿನಕಾಯಿ, ಸಂಡಿಗೆ, ಬಾಳಕ ನಾಲ್ಕೂ ಒಂದೇ ತಟ್ಟೆಗೆ ಬಂದ ದಿನ ಉಪ್ಪು ಎಲ್ಲಿಗೆ ಹೋಗುತ್ತೆ ಯೋಚಿಸಿ. ಬಿಪಿ ಇರುವವರ ಮನೆಯಲ್ಲಿ ಹಿಂಡಿಗೆ ಉಪ್ಪನ್ನು ಅರ್ಧಕ್ಕೆ ಇಳಿಸಿ. ಬಳ್ಳೊಳ್ಳಿ, ಜೀರಿಗೆ ಸ್ವಲ್ಪ ಏರಿಸಿದರೆ ರುಚಿ ನಿಲ್ಲುತ್ತೆ.

ಅವ್ವನ ವಿಷಯ. ಜೋಳದಲ್ಲಿ 100 ಗ್ರಾಂಗೆ 10 ಗ್ರಾಂ ನಾರು ಇದೆ, ಬಿಳಿ ಅನ್ನಕ್ಕಿಂತ ಖಂಡಿತ ಒಳ್ಳೆಯದು. ಆದ್ರೆ ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಭಾಗ ಪಿಷ್ಟವೇ. ಕಟಕ ರೊಟ್ಟಿ ತೆಳ್ಳಗೆ, ಹಗುರ. ಮಾತಾಡುತ್ತಾ ಮುರಿಯುತ್ತಾ ಕೂತರೆ ಎಷ್ಟು ತಿಂದೆವು ಅಂತ ಗೊತ್ತಾಗಲ್ಲ. ಎಷ್ಟು ಅಂತ ಮೊದಲೇ ಎಣಿಸಿ ತಟ್ಟೆಗೆ ಹಾಕಿ. ಡಬ್ಬಿಯನ್ನು ಊಟದ ಜಾಗಕ್ಕೆ ತರಬೇಡಿ.

ಸೇಡಂ ರಸ್ತೆ ವೈನಿ

ಡಬ್ಬಿ ಮಾತು ಒಪ್ಪಿದೆ ಮೇಡಂ. ತರಕಾರಿ ಮಾತೂ ಸರಿ. ಹಿಂಡಿ ಪಲ್ಯದ ಜೊತೆಗೆ ಇರಬೇಕು, ಪಲ್ಯದ ಬದಲಿಗೆ ಇರಬಾರದು. ನಮ್ಮ ಅತ್ತೆಯವರ ಕಾಲದಲ್ಲಿ ಹೊಲದಿಂದ ಬರುವಾಗ ಮಡಿಲಲ್ಲಿ ತಪ್ಪಲ (ಸೊಪ್ಪು) ಇರುತ್ತಿತ್ತು. ಹಕ್ಕರಕಿ, ಕಿರಕಸಾಲಿ, ಕಡ್ಲಿ ತಪ್ಪಲ. ಈಗ ಹೊಲ ದೂರ ಆಯ್ತು, ರೊಟ್ಟಿ ಹಿಂಡಿ ಮಾತ್ರ ಉಳಿಯಿತು.

ಜೇವರ್ಗಿ ರಸ್ತೆ ನಿವಾಸಿ

11 ಕಿಲೋ! ನಾವು ತರೋದು ಇದರ ಅರ್ಧವೂ ಇಲ್ಲ ಮೇಡಂ. ಇಷ್ಟನ್ನು ತಂದರೆ ಸಣ್ಣ ಫ್ರಿಜ್‌ನಲ್ಲಿ ಎಲ್ಲಿ ಇಡೋದು? ಈ ಬಿಸಿಲಿಗೆ ಹೊರಗೆ ಇಟ್ಟರೆ ಒಂದೇ ದಿನಕ್ಕೆ ಬಾಡುತ್ತೆ ಅಲ್ವಾ?

ಸುಪರ್ ಮಾರ್ಕೆಟ್ ಕಾಯಂ ಗಿರಾಕಿ

ಎಲ್ಲವನ್ನೂ ಫ್ರಿಜ್‌ಗೆ ಹಾಕಬೇಕಾಗಿಲ್ಲ ಬ್ರದರ್. ಯಾವುದು ಮೊದಲು ಕೆಡುತ್ತೋ ಅದನ್ನು ಮೊದಲು ತಿನ್ನಿ. ಈ ಒಂದು ಕ್ರಮ ಹಿಡಿದರೆ ಅರ್ಧ ತೊಂದರೆ ಮುಗಿಯುತ್ತೆ.

ಭಾನುವಾರ, ಸೋಮವಾರ ತಪ್ಪಲ ದಿನ. ಮೆಂತ್ಯೆ, ಪಾಲಕ್, ರಾಜಗಿರಿ. ಮಂಗಳವಾರ, ಬುಧವಾರ ಬೆಂಡಿಕಾಯಿ, ಚವಳಿಕಾಯಿ, ಹೀರೇಕಾಯಿ, ಬದನೆಕಾಯಿ. ಗುರುವಾರದಿಂದ ಎಲೆಕೋಸು, ಗಜ್ಜರಿ, ಬೀಟ್ರೂಟ್, ಕುಂಬಳಕಾಯಿ, ಸೋರೆಕಾಯಿ. ಇಡೀ ಕುಂಬಳಕಾಯಿ ಕತ್ತರಿಸದೆ ಇಟ್ಟರೆ ನೆರಳಲ್ಲಿ ವಾರಗಟ್ಟಲೆ ಇರುತ್ತೆ, ಫ್ರಿಜ್ ಬೇಡವೇ ಬೇಡ. ಉಳ್ಳಾಗಡ್ಡಿ, ಆಲೂಗಡ್ಡೆ ಬೇರೆ ಬೇರೆ ಬುಟ್ಟಿಯಲ್ಲಿ ಇಡಿ. ಒಟ್ಟಿಗೆ ಇಟ್ಟರೆ ಆಲೂಗಡ್ಡೆ ಬೇಗ ಮೊಳಕೆ ಬರುತ್ತೆ. ಟಮಾಟಿ ಅರ್ಧ ಹಣ್ಣು, ಅರ್ಧ ದೋರುಗಾಯಿ ನೋಡಿ ತನ್ನಿ.

ತಪ್ಪಲವನ್ನು ತೊಳೆದು ಇಡಬೇಡಿ. ಬೇರು, ಮಣ್ಣು, ಕೊಳೆತ ಎಲೆ ತೆಗೆದು ಸೋಸಿ, ಹಳೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಡಬ್ಬಿಯಲ್ಲಿ ಇಡಿ. ತೊಳೆಯೋದು ಅಡುಗೆಗೆ ಮುಂಚೆ. ಕರಿಬೇವು, ಕೊತಂಬರಿಗೂ ಇದೇ. ಹೊರಗೆ ಇಡುವ ಕಾಯಿಪಲ್ಯಕ್ಕೆ ಒದ್ದೆ ಗೋಣಿಚೀಲ ಹೊದಿಸಿ, ಗಾಳಿ ಆಡುವ ಮೂಲೆಯಲ್ಲಿ ಇಡಿ. ನಮ್ಮದು ಒಣ ಬಿಸಿಲು, ಆದ್ದರಿಂದ ನೀರು ಆರುತ್ತಾ ಚೆನ್ನಾಗಿ ತಂಪಾಗುತ್ತೆ. ಹಸಿ ಗಾಳಿಯ ಊರಲ್ಲಿ ಇದು ಇಷ್ಟು ನಡೆಯಲ್ಲ.

ಇನ್ನೊಂದು. 11 ಕಿಲೋ ಒಂದೇ ದಿನ ತರಬೇಡಿ. ಭಾನುವಾರ ಏಳು, ಬುಧವಾರ ಆಫೀಸಿನಿಂದ ಬರುವಾಗ ನಾಲ್ಕು. ಭಜಿ ಕಟ್ಟಿಸಿಕೊಳ್ಳುವ ಹೊತ್ತಿನಲ್ಲಿ ತರಕಾರಿ ಕೊಳ್ಳೋದೂ ಆಗುತ್ತೆ.

ಶಹಾಬಾದ್ ಗೃಹಿಣಿ

ವಾರದ ನಡುವೆ ಒಂದು ದಿನಕ್ಕೆ ಪುಂಡಿ ಪಲ್ಯ ಇಟ್ಟುಕೊಳ್ಳಿ ಅಕ್ಕಾರೆ, ಅಣ್ಣಾರೆ. ಪುಂಡಿ ತಪ್ಪಲ, ಜೋಳದ ನುಚ್ಚು, ಒಂದು ಹಿಡಿ ತೊಗರಿ ಬ್ಯಾಳಿ ಕುಕ್ಕರ್‌ಗೆ ಹಾಕಿ ಬೇಯಿಸಿ, ಮಸೆದು, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ತಪ್ಪಲ, ಧಾನ್ಯ, ಬ್ಯಾಳಿ ಒಂದೇ ಪಾತ್ರೆಯಲ್ಲಿ ಆಯ್ತು. ಹುಳಿ ಇರೋದರಿಂದ ಫ್ರಿಜ್‌ನಲ್ಲಿ ಮರುದಿನಕ್ಕೆ ಇನ್ನೂ ರುಚಿ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಮಾತ್ರ ಡಾಕ್ಟರ್ ಕೇಳಿ ತಿನ್ನಿ, ಪುಂಡಿ, ಪಾಲಕ್ ಎರಡರಲ್ಲೂ ಆಕ್ಸಲೇಟ್ ಜಾಸ್ತಿ.

ತರಕಾರಿ ಪೂರ್ತಿ ಮುಗಿದ ದಿನಕ್ಕೆ ಕಡ್ಲಿಹಿಟ್ಟು. ಉಳ್ಳಾಗಡ್ಡಿ ಒಗ್ಗರಣೆಯಲ್ಲಿ ಝುಣಕ ಮಾಡಲು ಹತ್ತು ನಿಮಿಷ ಸಾಕು. ಅರ್ಧ ಕಿಲೋ ಕಡ್ಲಿಹಿಟ್ಟು ಮನೆಯಲ್ಲಿ ಇದ್ದರೆ ಯಾವ ಪಾರ್ಸಲ್ಲೂ ಬೇಕಾಗಲ್ಲ.

ಕಡಗಂಚಿ ವಿದ್ಯಾರ್ಥಿ

ನಾನು ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುತ್ತೇನೆ. ಹೊರಗೆ ರೂಮ್ ಮಾಡಿದ್ದೇವೆ. ಫ್ರಿಜ್ ಇಲ್ಲ, ಒಂದೇ ಒಲೆ. ಮನೆಯಿಂದ ತಿಂಗಳಿಗೊಮ್ಮೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಬರುತ್ತೆ. ಇದರ ಜೊತೆ ಏನು ಇಟ್ಟುಕೊಂಡರೆ ಪ್ರೋಟೀನ್ ಸಾಕಾಗುತ್ತೆ? ಬೆಲೆ ಜಾಸ್ತಿ ಇರಬಾರದು.

ಬೀದರ್ ಆಹಾರ ಸಲಹೆಗಾರ್ತಿ

ತಮ್ಮಾ, ನಿನಗೆ ಡಬ್ಬಿಯ ಪ್ರೋಟೀನ್ ಪುಡಿ ಏನೂ ಬೇಡ. ಹೆಸರುಕಾಳು, ಮಡಕಿಕಾಳು, ಕಡ್ಲಿಕಾಳು ತಲಾ ಅರ್ಧ ಕಿಲೋ ತಂದಿಡು. ರಾತ್ರಿ ನೆನೆ ಹಾಕು, ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟು. ಬೇಸಿಗೆಯಲ್ಲಿ ಹೆಸರು ಸಂಜೆಗೇ ಮೊಳಕೆ ಒಡೆಯುತ್ತೆ. ನಡುವೆ ಒಮ್ಮೆ ಶುದ್ಧ ನೀರಲ್ಲಿ ತೊಳೆಯಬೇಕು, ಲೋಳೆಯಾದರೆ ಇಲ್ಲವೇ ವಾಸನೆ ಬಂದರೆ ಚೆಲ್ಲಬೇಕು. ಹಸಿಯಾಗಿ ತಿನ್ನಬೇಡ. ಈ ಸೆಕೆಯಲ್ಲಿ ಮೊಳಕೆಯ ಜೊತೆ ರೋಗಾಣುವೂ ಬೆಳೆಯುತ್ತೆ. ಐದು ನಿಮಿಷ ಬೇಯಿಸಿ, ಉಳ್ಳಾಗಡ್ಡಿ, ನಿಂಬೆರಸ ಹಾಕಿಕೋ.

ಮೊಟ್ಟೆ ತಿನ್ನುತ್ತೀಯಾದರೆ ಒಂದರಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಸಂಜೆ ಹಸಿವಿಗೆ ಪುಟಾಣಿ (ಹುರಿಗಡಲೆ), ಹುರಿದ ಶೇಂಗಾ, ಬೆಲ್ಲ. ಬಾಳೆಹಣ್ಣಿಗೆ ಫ್ರಿಜ್ ಬೇಕಿಲ್ಲ, ಪೇರಲ ಬರುವ ಕಾಲದಲ್ಲಿ ಪೇರಲ. ಗಜ್ಜರಿ, ಮೂಲಂಗಿ, ಸೌತೆಕಾಯಿ ದಿನಾ ಒಂದು ತಂದು ರೊಟ್ಟಿ ಜೊತೆ ಕಡಿದು ತಿನ್ನು.

ಊಟ ಮುಗಿದ ಕೂಡಲೇ ಚಹಾ ಬೇಡ, ಒಂದು ತಾಸು ಬಿಡು. ಕಾಳು, ತಪ್ಪಲದ ಕಬ್ಬಿಣ ಮೈಗೆ ಹತ್ತದಂತೆ ಚಹಾ ತಡೆಯುತ್ತೆ, ನಿಂಬೆ ಹತ್ತುವಂತೆ ಮಾಡುತ್ತೆ. ಇದು ಹುಡುಗಿಯರಿಗೆ ಇನ್ನೂ ಮುಖ್ಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಕಂಡುಬಂದಿದೆ.

ಶಿಕ್ಷಕಿ, ಯಾದಗಿರಿ

ಎಲ್ಲರೂ ಅಡುಗೆಮನೆ ತುಂಬಿಸುವ ಮಾತಾಡುತ್ತಿದ್ದೀರಿ, ಒಳ್ಳೆಯದು. ನಾನು ಒಂದು ಮಾತು ಕೇಳುತ್ತೇನೆ. ಪ್ರಶ್ನೆಯಲ್ಲಿ ‘ಭಾನುವಾರ ಅರ್ಧ ದಿನ ಬಿಡುವು’ ಅಂತ ಇದೆ. ಅದು ಯಾರ ಅರ್ಧ ದಿನ? ಮೆಂತ್ಯೆ ಸೋಸೋದು, ಕಾಳು ಆರಿಸೋದು, ಹಿಂಡಿ ಕುಟ್ಟೋದು ಎಲ್ಲ ಒಬ್ಬಳ ಮೇಲೇ ಬಿದ್ದರೆ ಈ ಪಟ್ಟಿ ಎರಡು ವಾರ ನಡೆಯುತ್ತೆ. ಮೂರನೇ ವಾರ ಮತ್ತೆ ಪಾರ್ಸಲ್. ವಾರವಿಡೀ ದುಡಿದವಳಿಗೆ ಭಾನುವಾರವೂ ಬೇಕಲ್ವಾ? ಏನು ತರಬೇಕು ಅಂತ ಬರೆಯುವಾಗಲೇ ಅದರ ಎದುರು ಯಾರು ಮಾಡಬೇಕು ಅಂತಲೂ ಬರೆಯಿರಿ.

ನನ್ನ ಕಡೆಯಿಂದ ಬೆಳಗಿನ ತಿಂಡಿಗೆ ಒಂದು ಸಲಹೆ. ನಮ್ಮ ಶಹಾಪುರ, ಸುರಪುರ ಕಡೆ ಕಾಲುವೆ ನೀರಾವರಿ ಬಂದ ಮೇಲೆ ಭತ್ತ ಜಾಸ್ತಿ ಆಯ್ತು, ಅನ್ನವೂ ಜಾಸ್ತಿ ಆಯ್ತು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಇದರಲ್ಲಿ ಒಂದನ್ನು ಜೋಳದ ನುಚ್ಚಿಗೆ ಬದಲಾಯಿಸಿ. ಗಿರಣಿಯಲ್ಲಿ ಜೋಳ ಒಡೆಸಿ ಇಟ್ಟುಕೊಳ್ಳಿ, ರಾತ್ರಿ ನೆನೆ ಹಾಕಿದರೆ ಬೆಳಿಗ್ಗೆ ಕುಕ್ಕರ್‌ನಲ್ಲಿ ಬೇಗ ಬೇಯುತ್ತೆ. ಮಜ್ಜಿಗೆ ಜೊತೆ ಬೇಸಿಗೆಗೆ ತಂಪು. ಉಳಿದ ದಿನ ಮಂಡಕ್ಕಿ ಸುಸ್ಲಾ, ಅದಕ್ಕೆ ಪುಟಾಣಿ ಹಿಟ್ಟು, ಶೇಂಗಾ ಕೈ ಬಿಚ್ಚಿ ಹಾಕಿ. ಬರೀ ಮಂಡಕ್ಕಿ ಆದ್ರೆ ಹತ್ತು ಗಂಟೆಗೇ ಮಕ್ಕಳಿಗೆ ಹಸಿವಾಗುತ್ತೆ. ತರಗತಿಯಲ್ಲಿ ದಿನಾ ಕಾಣುತ್ತೇನೆ.

ಜೇವರ್ಗಿ ರಸ್ತೆ ನಿವಾಸಿ

ಟೀಚರ್, ಸರಿಯಾದ ಪ್ರಶ್ನೆ. ಗಿರಣಿ, ಮಾರ್ಕೆಟ್, ತಪ್ಪಲ ಸೋಸೋದು, ಕಾಳು ನೆನೆ ಹಾಕೋದು ನನ್ನ ಪಾಲಿಗೆ ಬರೆದುಕೊಳ್ಳುತ್ತೇನೆ. ಶೇಂಗಾ ಆರಿಸೋದು ಮಕ್ಕಳಿಗೆ. ಅವ್ವ ಹಿಂಡಿಯ ಹದ ಹೇಳಿಕೊಡುತ್ತಾಳೆ. ಕಟಕ ರೊಟ್ಟಿ ಕೊಳ್ಳುತ್ತೇವೆ. ಬಿಸಿ ರೊಟ್ಟಿ ವಾರದಲ್ಲಿ ಎರಡು ದಿನ ಸಾಕು ಅಂತ ಹೆಂಡತಿ ಹೇಳುತ್ತಿದ್ದಾಳೆ.

ರೋಜಾ ಕಡೆಯವ

ಭಾಯ್, ನಮ್ಮ ಮನೆಯ ಗುರುವಾರದ ಅಡುಗೆ ಹೇಳುತ್ತೇನೆ. ತಹರಿ. ಕಲಬುರಗಿ ತಹರಿ ಅಂದ್ರೆ ಮಾಂಸದ್ದೇ ನೆನಪಾಗುತ್ತೆ, ಆದ್ರೆ ಅಮ್ಮಿ ವಾರದ ದಿನ ತರಕಾರಿಯಲ್ಲೇ ಮಾಡುತ್ತಾರೆ. ಒಂದು ಪಾಲು ಅಕ್ಕಿ, ಅದರ ಎರಡರಷ್ಟು ಗಜ್ಜರಿ, ಆಲೂ, ಬಟಾಣಿ, ಟಮಾಟಿ, ಮೇಲೆ ನೆನೆಸಿದ ಕಡ್ಲಿಕಾಳು. ಎಲ್ಲ ಒಂದೇ ಕುಕ್ಕರ್. ಜೊತೆಗೆ ಮೊಸರು ಉಳ್ಳಾಗಡ್ಡಿ. ಇನ್ನೊಂದು ದಿನ ದಾಲ್ಚಾ, ಕಡ್ಲಿ ಬ್ಯಾಳಿ ಸೋರೆಕಾಯಿ ಹಾಕಿ. ಇದಕ್ಕೆ ಮಾಂಸ ಇಲ್ಲದಿದ್ದರೂ ನಡೆಯುತ್ತೆ. ಶುಂಠಿ ಬಳ್ಳೊಳ್ಳಿ ರುಬ್ಬಿ, ಉಪ್ಪು ಎಣ್ಣೆ ಸೇರಿಸಿ ಫ್ರಿಜ್‌ನಲ್ಲಿ ಇಟ್ಟರೆ ವಾರ ಬರುತ್ತೆ. ಸಂಜೆ ಅಡುಗೆಯಲ್ಲಿ ಜಾಸ್ತಿ ಹೊತ್ತು ತಿನ್ನೋದು ಅದೇ ಕೆಲಸ.

ಚೌಕ್ ಹತ್ತಿರದವರು

ಓಟ್ಸ್, ಮಲ್ಟಿಗ್ರೇನ್ ಬಿಸ್ಕೆಟ್, ರೆಡಿ ಸೂಪ್ ಇವು ಕೆಲಸದ ವಾರಕ್ಕೆ ಸುಲಭ ಅಲ್ವಾ? ಯಾರೂ ಹೇಳಲಿಲ್ಲ.

ಬೀದರ್ ಆಹಾರ ಸಲಹೆಗಾರ್ತಿ

ಸಾದಾ ಓಟ್ಸ್ ಒಳ್ಳೆಯದೇ, ಇಷ್ಟ ಇದ್ದರೆ ಇಡಿ. ನಮ್ಮ ಜೋಳದ ನುಚ್ಚು ಅದಕ್ಕೇನೂ ಕಡಿಮೆ ಇಲ್ಲ, ಬೆಲೆಯೂ ಕಡಿಮೆ. ಬಿಸ್ಕೆಟ್, ಸೂಪ್ ಪಾಕೀಟಿನ ಹಿಂಭಾಗ ಓದಿ. ಪದಾರ್ಥಗಳನ್ನು ತೂಕದಲ್ಲಿ ಜಾಸ್ತಿ ಇರುವುದರಿಂದ ಕಡಿಮೆ ಕಡೆಗೆ ಬರೆದಿರುತ್ತಾರೆ. ಮಲ್ಟಿಗ್ರೇನ್ ಅಂತ ದೊಡ್ಡದಾಗಿ ಹೆಸರು ಇದ್ದು, ಮೊದಲು ಮೈದಾ, ಆಮೇಲೆ ಸಕ್ಕರೆ, ಪಾಮ್ ಎಣ್ಣೆ ಬಂದರೆ ವಾಪಸ್ ಇಡಿ.

ರಾತ್ರಿ ಪಾಳಿ ನರ್ಸ್

ಬೇಸಿಗೆಯಲ್ಲಿ ವಾಂತಿ ಭೇದಿ ಅಂತ ವಾರ್ಡಿಗೆ ಬರುವವರನ್ನು ನೋಡುತ್ತೇನೆ, ಆದ್ದರಿಂದ ಮಾಡಿದ ಅಡುಗೆ ಬಗ್ಗೆ ಇಷ್ಟು ಹೇಳಲೇಬೇಕು. ಅನ್ನ, ಬ್ಯಾಳಿ, ಪಲ್ಯ ಬೇಯಿಸಿದ ಮೇಲೆ ಎರಡು ತಾಸಿನೊಳಗೆ ಫ್ರಿಜ್‌ಗೆ ಹೋಗಬೇಕು. ಹೊರಗೆ 32 ಡಿಗ್ರಿ ಮೀರಿದ್ದರೆ ಒಂದೇ ತಾಸು. ಅಂದ್ರೆ ನಮ್ಮಲ್ಲಿ ವರ್ಷದಲ್ಲಿ ಬಹಳ ತಿಂಗಳು ಒಂದೇ ತಾಸು ಅಂತಲೇ ಹಿಡಿಯಿರಿ. ದೊಡ್ಡ ಪಾತ್ರೆಯಲ್ಲಿ ಹಾಗೇ ಇಟ್ಟರೆ ನಡುವಿನ ಬಿಸಿ ಇಳಿಯಲ್ಲ, ಅಗಲವಾದ ಸಣ್ಣ ಡಬ್ಬಿಗಳಿಗೆ ಹಾಕಿ. ಎರಡು ಮೂರು ದಿನದೊಳಗೆ ಮುಗಿಸಿ. ತಿನ್ನುವಷ್ಟನ್ನೇ ತೆಗೆದು ಕುದಿ ಬರುವವರೆಗೆ ಬಿಸಿ ಮಾಡಿ. ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಹೊರಗೆ ಉಳಿದ ಅನ್ನದಲ್ಲಿ ಹುಟ್ಟುವ ಒಂದು ಬಗೆಯ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ.

ಕರೆಂಟ್ ಹೋದಾಗ ಫ್ರಿಜ್ ಬಾಗಿಲು ತೆಗೆಯಬೇಡಿ. ಮುಚ್ಚಿದ್ದರೆ ನಾಲ್ಕು ತಾಸು ತಂಪು ನಿಲ್ಲುತ್ತೆ. ಅದಕ್ಕಿಂತ ಜಾಸ್ತಿ ಹೋಯಿತು ಅಂದ್ರೆ ಹಾಲು, ಬ್ಯಾಳಿ, ಅನ್ನ, ಮಾಂಸದ ಅಡುಗೆ ಉಳಿಸಬೇಡಿ. ವಾಸನೆ ನೋಡಿ ತೀರ್ಮಾನ ಮಾಡಬೇಡಿ, ವಾಸನೆ ಬರದೆಯೂ ಕೆಟ್ಟಿರುತ್ತೆ. ಹಾಗಾಗಿ ಮೇಲಿನವರು ಹೇಳಿದ ಒಣ ಸಾಮಾನಿನ ದಾರಿಯೇ ನನಗೂ ಸರಿ ಕಾಣುತ್ತೆ. ಬ್ಯಾಳಿ ಕುಕ್ಕರ್‌ನಲ್ಲಿ ಇಪ್ಪತ್ತು ನಿಮಿಷದ ಕೆಲಸ. ಅದನ್ನು ಏಳು ದಿನಕ್ಕೆ ಮುಂಚೆಯೇ ಬೇಯಿಸಿಡುವ ಅಗತ್ಯವೇ ಇಲ್ಲ.

ಜೇವರ್ಗಿ ರಸ್ತೆ ನಿವಾಸಿ

ಎಲ್ಲರ ಮಾತೂ ಓದಿ ಮನೆಯವರೆಲ್ಲ ಕೂತು ಹೀಗೆ ಬರೆದುಕೊಂಡಿದ್ದೇವೆ. ಜೋಳ 20 ಕಿಲೋ ಕಾಳಾಗಿ, ಹದಿನೈದು ದಿನಕ್ಕೊಮ್ಮೆ ಗಿರಣಿಗೆ. ತೊಗರಿ ಬ್ಯಾಳಿ 5 ಕಿಲೋ, ಹೆಸರು ಬ್ಯಾಳಿ ಮತ್ತು ಕಡ್ಲಿ ಬ್ಯಾಳಿ ಒಂದೊಂದು ಕಿಲೋ, ಹೆಸರುಕಾಳು, ಮಡಕಿಕಾಳು, ಕಡ್ಲಿಕಾಳು ಸೇರಿ 3 ಕಿಲೋ. ಕಡ್ಲಿಹಿಟ್ಟು, ಪುಟಾಣಿ, ಶೇಂಗಾ, ಅಗಸಿ, ಗುರೆಳ್ಳು. ಬಾಳಕ, ಸಂಡಿಗೆ ಹಬ್ಬಕ್ಕೆ ಮಾತ್ರ. ತರಕಾರಿ ಭಾನುವಾರ 7 ಕಿಲೋ, ಬುಧವಾರ 4. ಬುಧವಾರ ಝುಣಕ ಇಲ್ಲವೇ ಪುಂಡಿ ಪಲ್ಯ, ಗುರುವಾರ ತಹರಿ, ಶುಕ್ರವಾರ ಮೊಳಕೆಕಾಳಿನ ಪಲ್ಯ, ಶನಿವಾರ ದಾಲ್ಚಾ. ತಹರಿ ದಿನ ಅವ್ವನಿಗೆ ಅನ್ನ ಕಡಿಮೆ, ತರಕಾರಿ ಕಾಳು ಜಾಸ್ತಿ ಬಡಿಸುತ್ತೇವೆ. ಉಪ್ಪಿನ ಪಾಕೀಟಿನ ಮೇಲೆ ಮಗಳು ತಾರೀಕು ಬರೆದಾಗಿದೆ.

ಒಂದು ಸಂಶಯ ಉಳಿದಿದೆ. ಚಳಿಗಾಲಕ್ಕೆ ಸಜ್ಜಿ ರೊಟ್ಟಿಯೂ ಬೇಕು ಅಂತ ಅವ್ವ ಹೇಳುತ್ತಾಳೆ. ಸಜ್ಜಿ ಹಿಟ್ಟನ್ನೂ ಜೋಳದ ಹಾಗೆ ಹದಿನೈದು ದಿನಕ್ಕೆ ಹಾಕಿಸಬಹುದಾ? ಅಂಗಡಿಯಲ್ಲಿ ತಂದ ಹಿಟ್ಟು ಕಹಿ ಇರುತ್ತೆ.

ತೊಗರಿ ಹೊಲದವ, ಚಿತ್ತಾಪುರ

ಬೇಡ ಅಣ್ಣಾರೆ. ಸಜ್ಜಿಯಲ್ಲಿ ಜೋಳಕ್ಕಿಂತ ಕೊಬ್ಬಿನಂಶ ಜಾಸ್ತಿ. ಕಾಳು ಒಡೆದ ಕೂಡಲೇ ಆ ಕೊಬ್ಬು ಕೆಡಲು ಶುರುವಾಗುತ್ತೆ, ಕಹಿ ಬರೋದು ಅದಕ್ಕೇ. ಐದಾರು ದಿನಕ್ಕೆ ಆಗುವಷ್ಟೇ ಹಾಕಿಸಿ, ಬಿಗಿ ಡಬ್ಬಿಯಲ್ಲಿ ಫ್ರಿಜ್‌ಗೆ ಇಡಿ. ಗಿರಣಿಯಿಂದ ತಂದ ಹಿಟ್ಟು ಬಿಸಿ ಇರುತ್ತೆ, ಅಗಲವಾದ ತಟ್ಟೆಯಲ್ಲಿ ಹರವಿ ಪೂರ್ತಿ ಆರಿದ ಮೇಲೆ ತುಂಬಿ. ಕಾಳು ಮಾತ್ರ ಈಗಲೇ ಹತ್ತು ಕಿಲೋ ತಂದು ಒಣಗಿಸಿ ಇಟ್ಟುಕೊಂಡರೂ ನಡೆಯುತ್ತೆ.